ಮೂರು ಸಭೆ ತಪ್ಪಿದವರು

ಸೀಲಕ್ಕನ ಮನೆಯಲ್ಲಿ "ಯಾರದು?" ಎಂದು ಯಾರೂ ಕೇಳುವುದಿಲ್ಲ. ಬಾಗಿಲು ತಟ್ಟಿದವರು ತಾವಾಗಿಯೇ ದನಿ ಕೊಟ್ಟು ಒಳಗೆ ಬರಬೇಕು. ಮೊಮ್ಮಗಳಂತೂ ಕೆಳಗಿನ ಮೆಟ್ಟಿಲಿನಿಂದಲೇ "ನಾನೇ ಅಜ್ಜಿ, ನಾನೇ" ಎಂದು ಕೂಗುತ್ತಾ ಬರುತ್ತಾಳೆ. ಸೊಸೆ ಹೊಸದಾಗಿ ಬಂದಾಗ ಅವಳಿಗೆ ಈ ಕಟ್ಟಳೆ ಗೊತ್ತಿರಲಿಲ್ಲ. ಒಂದು ಬೆಳಿಗ್ಗೆ ಬಚ್ಚಲಿನೊಳಗಿಂದ "ಯಾರದು?" ಎಂದುಬಿಟ್ಟಳು. ಹೊರಗೆ ಬಿಸಿನೀರಿನ ಪಾತ್ರೆ ಹಿಡಿದು ನಿಂತಿದ್ದ ಅತ್ತೆ ಅದನ್ನು ಕಾಲ ಮೇಲೆ ಬಿಟ್ಟುಕೊಂಡು, ಸುಟ್ಟದ್ದರ ಪರಿವೆಯೇ ಇಲ್ಲದೆ ಗೋಡೆ ಹಿಡಿದು ನಿಂತಿದ್ದಳಂತೆ. "ನಿಮ್ಮತ್ತೆಗೆ ಆ ಮೂರಕ್ಷರ ಆಗಿಬರಲ್ಲಮ್ಮ. ಯಾಕೆ ಅಂತ ನನಗೂ ಹೇಳಿಲ್ಲ," ಎಂದು ಮಾವ ಮುಲಾಮು ಹುಡುಕಲು ಹೋದರು.

ಏಳು ವರ್ಷ ಗಂಡನಿಗೂ ಹೇಳದ ಆ ಮಾತನ್ನು ಸೀಲಕ್ಕ ಕಡೆಗೆ ಮೂವತ್ತು ಜನ ಹೆಂಗಸರ ಎದುರು ಹೇಳಿದಳು. ಅದೂ ಎಂಥ ಹೊತ್ತಿನಲ್ಲಿ ಅಂತೀರಿ, ಸಂಘದ ಮುಂದಿನ ಐದು ವರ್ಷದ ಯೋಜನೆಗೆ ಸಹಿ ಬೀಳುವ ಹೊತ್ತಿನಲ್ಲಿ!

ಸೀಲಕ್ಕ ಅಂದರೆ ರಬ್ಬರ್ ಸ್ಟ್ಯಾಂಪು ಮಾಡುವವಳು. ದೊಡ್ಡ ರಸ್ತೆಯ ಹಳೇ ಕಟ್ಟಡದಲ್ಲಿ ಮೆಟ್ಟಿಲ ಕೆಳಗೆ, ನೆಟ್ಟಗೆ ನಿಂತರೆ ತಲೆಗೆ ತಾಗುವಂಥ ಜಾಗದಲ್ಲಿ ಅವಳ ಅಂಗಡಿ. ಗಂಡ ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದವನು, ಮದುವೆಯಾದ ಹೊಸತರಲ್ಲೇ ಅವಳಿಗೆ ಅಕ್ಷರಗಳನ್ನು ತಿರುಗಮುರುಗ ಓದುವುದು ಕಲಿಸಿದ. ಪ್ರಪಂಚದ ಗಂಡಂದಿರು ಹೆಂಡತಿಗೆ ಏನೇನೋ ಕೊಡುತ್ತಾರೆ, ಇವನು ಕೊಟ್ಟದ್ದು ಇದು. ಹೊಟ್ಟೆ ಹೊರೆದದ್ದು ಮಾತ್ರ ಅದೇ ವಿದ್ಯೆ.

ಊರಿನಲ್ಲಿ ಅಂಗಡಿ, ಕಸುಬು ಇಟ್ಟುಕೊಂಡ ಹೆಂಗಸರೆಲ್ಲ ಸೇರಿ ಕಟ್ಟಿದ ಸಂಘಕ್ಕೆ ಅವಳೇ ಕಾರ್ಯದರ್ಶಿ. ಸೈಕಲ್ ಅಂಗಡಿಯ ಮೇಲಿನ ಉದ್ದನೆಯ ಕೋಣೆ ಸಂಘದ ಜಾಗ. ಒಳಗೆ ಹೋಗುತ್ತಲೇ ಎಡಗಡೆ ಗೋಡೆಗೆ ಒಂದು ಹಲಗೆ, ಹಲಗೆಯ ತುಂಬ ಮೊಳೆಗಳು, ಮೊಳೆಗೊಂದು ಸೀಲು ನೇತಾಡುತ್ತದೆ. ಈ ಸಂಘದಲ್ಲಿ ಹಾಜರಿಗೆ ಸಹಿ ಹಾಕುವ ಪದ್ಧತಿಯಿಲ್ಲ. ಸೇರಿದವಳಿಗೆ ಅವಳ ಕಸುಬಿನ ಚಿತ್ರದ ಸೀಲೊಂದನ್ನು ಸೀಲಕ್ಕ ಮಾಡಿಕೊಡುತ್ತಾಳೆ. ಕತ್ತರಿ, ಬಾಚಣಿಗೆ, ಬಣ್ಣದ ಡಬ್ಬ, ಕೀಲಿ. ಸಭೆಗೆ ಬಂದವಳು ತನ್ನ ಸೀಲು ತೆಗೆದು, ಇಂಕಿಗೆ ಅದ್ದಿ, ಪುಸ್ತಕದಲ್ಲಿ ಒತ್ತಿ, ಮತ್ತೆ ನೇತುಹಾಕಬೇಕು. ಸಂಘ ಬಿಟ್ಟವಳ ಸೀಲಿನ ರಬ್ಬರನ್ನು ಎಲ್ಲರ ಎದುರು ಕಿತ್ತು, ಮರದ ಹಿಡಿಯನ್ನು ಹೊಸಬಳಿಗೆ ಇಡುತ್ತಾರೆ. ಮರ ಯಾಕೆ ಹಾಳು ಮಾಡಬೇಕು?

ಆ ಹಲಗೆಯ ಮೊದಲ ಮೊಳೆ ಕೊಡೆಯಕ್ಕನದು. ಕೊಡೆ ರಿಪೇರಿ ಮಾಡುತ್ತಾ ಅಂಗಡಿಯಲ್ಲೇ ವಾಸವಿದ್ದ ಒಂಟಿ ಹೆಂಗಸು. ಸಂಘ ಶುರುವಾದದ್ದೇ ಅವಳ ಅಂಗಡಿಯಲ್ಲಿ, ಮುರಿದ ಕಡ್ಡಿ, ಹರಿದ ಬಟ್ಟೆಗಳ ನಡುವೆ ಆರು ಜನ ಕೂತು. ಸೀಲಕ್ಕನ ಮೊದಲ ಮೇಜು ಬಿದ್ದದ್ದೂ ಅವಳ ಅಂಗಡಿಯ ಬಾಗಿಲಲ್ಲೇ. "ಅರ್ಧ ಬಾಗಿಲು ನನಗೆ ಸಾಕು, ಇನ್ನರ್ಧ ನೀನಿಟ್ಕೋ. ನಾನೇನು ಆನೆನಾ?" ಎಂದಿದ್ದಳು ಪುಣ್ಯಾತ್ಗಿತ್ತಿ. ಎರಡು ವರ್ಷ ಒಂದು ಪೈಸೆ ಬಾಡಿಗೆ ಕೇಳಲಿಲ್ಲ.

ಇನ್ನು ಆ ನಿಯಮದ ಕಥೆ. ಒಂಬತ್ತು ವರ್ಷದ ಹಿಂದೆ ಮೊದಲ ಸಲ ಸಂಘ ಯೋಜನೆ ಅಂತ ಕೂತಾಗ, ಅರ್ಧಕ್ಕರ್ಧ ಕುರ್ಚಿ ಖಾಲಿ ಇದ್ದದ್ದು ನೋಡಿ ಸೀಲಕ್ಕನಿಗೆ ಮೈ ಉರಿದಿತ್ತು. "ಮೂರು ಸಭೆ ತಪ್ಪಿಸಿದವರನ್ನ ಪಟ್ಟಿಯಿಂದ ತೆಗೀಬೇಕು. ಮುಲಾಜೇ ಬೇಡ," ಎಂದು ಕಡ್ಡಿ ಮುರಿದ ಹಾಗೆ ಹೇಳಿದ್ದು ಅವಳೇ. ಎಲ್ಲರೂ ಕೈ ಎತ್ತಿದರು. ಕೊಡೆಯಕ್ಕನೂ ಎತ್ತಿದಳು!

ಎರಡು ವರ್ಷ ಕಳೆದ ಮೇಲೆ ಮೂರು ಸಭೆ ತಪ್ಪಿಸಿದ ಮೊದಲ ಸದಸ್ಯೆ ಕೊಡೆಯಕ್ಕನೇ ಆದಳು. ನಿಯಮ ಅಂದರೆ ನಿಯಮ. ಸೀಲಕ್ಕ ಕಾಗದ ಟೈಪು ಮಾಡಿಸಿ, ಸಂಘದ ಸೀಲು ಒತ್ತಿ, ತಾನೇ ತೆಗೆದುಕೊಂಡು ಹೋದಳು. ಬೇಸಿಗೆಯ ಮಧ್ಯಾಹ್ನ. ಕೊಡೆಯಕ್ಕನ ಶಟರ್ ಕೆಳಗಿಳಿದಿತ್ತು, ಆದರೆ ಹೊರಗೆ ಬೀಗವಿರಲಿಲ್ಲ. ಸೀಲಕ್ಕ ಬಗ್ಗಿ ಕಾಗದವನ್ನು ಶಟರ್ ಅಡಿಗೆ ತೂರಿಸಿದಳು. ತಗಡು ಸದ್ದು ಮಾಡಿತು. ಒಳಗಿಂದ ಸಣ್ಣ ದನಿ ಬಂತು: "ಯಾರದು?"

ಏನು ಹೇಳುವುದು? ನಿನ್ನ ಬಾಗಿಲಲ್ಲೇ ಬದುಕು ಕಂಡವಳು ನಿನ್ನನ್ನು ಪಟ್ಟಿಯಿಂದ ತೆಗೆದ ಕಾಗದ ತಂದಿದ್ದೇನೆ ಅನ್ನಲೇ? ಸೀಲಕ್ಕ ಉಸಿರು ಬಿಗಿಹಿಡಿದು ನಿಂತಳು. "ಯಾರದು? ಯಾರಾದ್ರೂ ಇದ್ದೀರಾ?" ಎಂದು ಇನ್ನೊಮ್ಮೆ ಬಂತು. ಸೀಲಕ್ಕ ಚಪ್ಪಲಿಯ ಸದ್ದಾಗದಂತೆ ಹೆಜ್ಜೆಯಿಟ್ಟು ಬಂದುಬಿಟ್ಟಳು.

ನಾಲ್ಕನೆಯ ದಿನ ಪಕ್ಕದ ಅಂಗಡಿಯವರು ಶಟರ್ ಎತ್ತಿಸಿದರು. ಎರಡು ತಿಂಗಳಿಂದ ಎದೆಯ ಕಾಯಿಲೆ ಇತ್ತಂತೆ, ಹೊರಗೆ ಓಡಾಡಲು ಆಗುತ್ತಿರಲಿಲ್ಲವಂತೆ. ಒಂದು ದಿನ ಮುಂಚೆ ಆಸ್ಪತ್ರೆಗೆ ತಂದಿದ್ದರೆ ಉಳಿಯುತ್ತಿದ್ದಳು ಅಂತ ಡಾಕ್ಟರು ಅಂದರು. ಮೇಜಿನ ಮೇಲೆ ಸಂಘದ ಕಾಗದ ಬಿಡಿಸಿಟ್ಟಿತ್ತು. ಅದರ ಕೆಳಗೆ ಪೆನ್ಸಿಲಿನಲ್ಲಿ "ನಾಳೆ ಬರ್ತೀನಿ" ಎಂದು ಬರೆದಿದ್ದಳು.

ಅವತ್ತಿನಿಂದ ಆ ಪ್ರಶ್ನೆ ಸೀಲಕ್ಕನ ಬೆನ್ನು ಬಿಡಲಿಲ್ಲ. ರಬ್ಬರ್ ಕೊಯ್ಯುವಾಗ, ಬಸ್ಸಿನ ಕಿಟಕಿ ಪಕ್ಕ ಕೂತಾಗ, ಅಕ್ಕಿ ತೊಳೆಯುವಾಗ, ಎಲ್ಲಿಂದಲೋ ಒಂದು ಸಣ್ಣ ದನಿ "ಯಾರದು?" ಅನ್ನುತ್ತಿತ್ತು. ಮುಚ್ಚಿದ ಶಟರ್ ಕಂಡರೆ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಿದ್ದಳು. ಕೊಡೆಯ ಸೀಲನ್ನು ಸಭೆಯಲ್ಲಿ ಕೀಳಲು ಕೊಟ್ಟಾಗ "ಮನೇಲಿ ಕೀಳ್ತೀನಿ, ಗೋಂದು ಗಟ್ಟಿಯಾಗಿದೆ" ಎಂದು ಸುಳ್ಳು ಹೇಳಿ ಚೀಲಕ್ಕೆ ಹಾಕಿಕೊಂಡಳು. ಕೀಳಲು ಕೈ ಬರಲಿಲ್ಲ. ಮರುವರ್ಷ ನಕಲಿ ಕೀಲಿ ಮಾಡುವ ಹುಡುಗಿ ಸಂಘಕ್ಕೆ ಸೇರಿದಾಗ, ಹಿಡಿ ಎಲ್ಲಿ ಎಂದು ಎಲ್ಲರೂ ಕೇಳಿದರು. ಸೀಲಕ್ಕ ಏನು ಮಾಡಿದಳು ಗೊತ್ತೆ? ಕೊಡೆಯ ಮೇಲೆಯೇ ಕೀಲಿಯ ರಬ್ಬರನ್ನು ಅಂಟಿಸಿ ಕೊಟ್ಟಳು.

ಕೀಲಿ ಹುಡುಗಿಗೆ ಕೈ ಭಾರ. ಸೀಲು ಒತ್ತಿದಳೆಂದರೆ ಮೇಜು ಅಲುಗಾಡಬೇಕು. ಹಾಗೆ ಒತ್ತಿದಾಗೆಲ್ಲ ಕೀಲಿಯ ಸುತ್ತ ತೆಳ್ಳಗೆ ಒಂದು ಬಾಗಿದ ಗೆರೆ ಮೂಡುತ್ತಿತ್ತು. ಬೇರೆಯವರು ಇಂಕು ಹರಡಿದೆ ಅಂದುಕೊಂಡರು. ಅದು ಬಿಚ್ಚಿದ ಕೊಡೆಯ ಅಂಚು ಅಂತ ಸೀಲಕ್ಕನೊಬ್ಬಳಿಗೆ ಗೊತ್ತು. ಆರು ವರ್ಷ, ಪ್ರತಿ ಸಭೆಯಲ್ಲೂ, ಕೊಡೆಯಕ್ಕ ಹೀಗೆ ಹಾಜರಿ ಹಾಕುತ್ತಲೇ ಇದ್ದಳು.

ಈಗ ಯೋಜನೆಯ ದಿನಕ್ಕೆ ಬರೋಣ. ನಗರಸಭೆ ಕಟ್ಟಿಸುತ್ತಿದ್ದ ಹೊಸ ಮಾರುಕಟ್ಟೆಯಲ್ಲಿ ಸಂಘಕ್ಕೆ ಹತ್ತು ಮಳಿಗೆ ಸಿಗುವ ಸಂಭವವಿತ್ತು. ಸಂಜೆ ಐದರೊಳಗೆ ಐದು ವರ್ಷದ ಯೋಜನೆ, ಜೊತೆಗೆ ಸಕ್ರಿಯ ಸದಸ್ಯರ ಪಟ್ಟಿ ಕೊಡಬೇಕು. ಯೋಜನೆ ಮಾಡಿಸಲು ಒಬ್ಬ ಸಲಹೆಗಾರ್ತಿ ಬಂದಿದ್ದಳು. ಬಂದವಳೇ ಎಲ್ಲರ ಕೈಗೂ ಹಳದಿ, ಗುಲಾಬಿ ಚೀಟಿ ಹಂಚಿ ಗೋಡೆಗೆ ಅಂಟಿಸಿ ಅಂದದ್ದರಿಂದ ಅರ್ಧ ಗಂಟೆಯೊಳಗೆ ಅವಳಿಗೆ ಚೀಟಿ ಮೇಡಂ ಅಂತ ಹೆಸರಾಯಿತು. ನಮ್ಮ ಶಕ್ತಿ, ನಮ್ಮ ದೌರ್ಬಲ್ಯ, ಅವಕಾಶ, ಅಪಾಯ ಎಂದು ಗೋಡೆಯ ಮೇಲೆ ನಾಲ್ಕು ಕೋಣೆ ಬರೆದಳು. ಪಾರ್ಲರ್‌ನವಳು ದೌರ್ಬಲ್ಯದ ಕೋಣೆಗೆ "ನನ್ನ ಗಂಡ" ಎಂದು ಬರೆದು ಅಂಟಿಸಿ ಎಲ್ಲರನ್ನೂ ನಗಿಸಿದಳು.

ಚೀಟಿ ಮೇಡಂ ಕೆಟ್ಟವಳಲ್ಲ, ಚುರುಕಿನ ಹುಡುಗಿ. ಹಳೇ ಯೋಜನೆಯ ಪುಟ ತಿರುವುತ್ತಾ ಒಂದು ಕಡೆ ನಿಂತಳು. "ಮೂರು ಸಭೆ ತಪ್ಪಿದವರ ನಿಯಮ ಇದ್ಯಲ್ಲ! ಇಷ್ಟು ಒಳ್ಳೆ ನಿಯಮ ಇಟ್ಕೊಂಡು ಒಂದೇ ಸಲ ಬಳಸಿದ್ದೀರಿ? ಪಟ್ಟಿ ಚೊಕ್ಕವಾಗಿದ್ರೆ ಮಳಿಗೆ ನಿಮ್ಮದೇ ಅಂದ್ಕೊಳ್ಳಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಸೀಲಕ್ಕ ಸುಮ್ಮನೆ ಸೆರಗು ಸರಿಮಾಡಿಕೊಂಡಳು.

ಅಧ್ಯಕ್ಷೆ ಬಣ್ಣದಂಗಡಿಯವಳು, ಸಂಘ ಶುರುವಾದಾಗಿನ ಆರು ಜನರಲ್ಲಿ ಒಬ್ಬಳು. ಕನ್ನಡಕ ಏರಿಸಿ ಹಲಗೆ ನೋಡಿದಳು. "ಈಗ ಮೂರು ಸಭೆ ತಪ್ಪಿದವರು ಯಾರಿದ್ದಾರೆ?"

"ಕೀಲಿ ಹುಡುಗಿ ಒಬ್ಬಳೇ," ಎಂದಳು ಪಾರ್ಲರ್‌ನವಳು. "ಇವತ್ತಿಗೆ ಸರಿಯಾಗಿ ಮೂರು. ಫೋನೂ ಎತ್ತಲ್ಲ. ದೊಡ್ಡ ಮನುಷ್ಯಳಾಗ್ಬಿಟ್ಟಿದ್ದಾಳೆ."

"ಹಾಗಾದ್ರೆ ತೆಗೀರಿ. ಒಬ್ಬಳಿಗೋಸ್ಕರ ಹತ್ತು ಮಳಿಗೆ ಕಳ್ಕೊಳ್ಳೋಕಾಗುತ್ತಾ? ಸೀಲಕ್ಕ, ಆ ಸೀಲು ಕಿತ್ಹಾಕು. ಕಾಗದ ಬರಿ, ಐದು ಗಂಟೆ ಒಳಗೆ ಪಟ್ಟಿ ಹೋಗ್ಬೇಕು."

ಸೀಲಕ್ಕ ಮೊಳೆಯಿಂದ ಸೀಲು ತೆಗೆದಳು. ಚಾಕು ಕೊಟ್ಟರು. ಮೂವತ್ತು ಜನ ನೋಡುತ್ತಿದ್ದಾರೆ. ಹಿಡಿಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಕೂತುಬಿಟ್ಟಳು.

"ಮನೇಲಿ ಕೀಳ್ತೀನಿ," ಎಂದಳು. ಅದೇ ಮಾತು, ಅದೇ ಸುಳ್ಳು.

"ಏನು ಮನೇಲಿ? ಕೊಡು ಇಲ್ಲಿ," ಎಂದು ಪಾರ್ಲರ್‌ನವಳು ನಗುತ್ತಾ ಕಿತ್ತುಕೊಂಡು, ಉಗುರು ತೂರಿಸಿ ಎಳೆದಳು. ಕೀಲಿಯ ರಬ್ಬರು ಒಣಗಿದ ಸಿಪ್ಪೆಯ ಹಾಗೆ ಎದ್ದು ಬಂತು. ಕೆಳಗೆ ಕೊಡೆ ಇತ್ತು. ಬಿಚ್ಚಿದ ಕೊಡೆ, ಎಂಟು ಕಡ್ಡಿ, ಬಾಗಿದ ಹಿಡಿಕೆ, ಒಂದು ಗೆರೆಯೂ ಸವೆಯದೆ.

ಪಾರ್ಲರ್‌ನವಳ ನಗು ನಿಂತಿತು. ಅಧ್ಯಕ್ಷೆ ಎದ್ದು ಬಂದು ನೋಡಿದಳು, ಸೀಲು ಮುಟ್ಟಲಿಲ್ಲ. "ಅಯ್ಯೋ ದೇವರೇ. ಇದು ಇಲ್ಲೇ ಇತ್ತಾ?"

"ಎಲ್ಲೂ ಹೋಗಿರ್ಲಿಲ್ಲ," ಎಂದಳು ಸೀಲಕ್ಕ. ಶುರುವಾದ ಮಾತು ನಿಲ್ಲಲಿಲ್ಲ. "ನಾನು ಕಾಗದ ಹಾಕೋಕೆ ಹೋದಾಗ ಅವಳು ಒಳಗೆ ಇದ್ದಳು ಕಣ್ರೇ. ಜೀವಂತ ಇದ್ದಳು. ಯಾರದು ಅಂತ ಕೇಳಿದಳು. ಎರಡು ಸಲ ಕೇಳಿದಳು. ನಾನು ಮಾತಾಡಲಿಲ್ಲ. ನಾಚಿಕೆಯಾಯ್ತು, ಓಡಿ ಬಂದೆ. ನಾನು ಅಂತ ಒಂದು ಮಾತು ಅಂದಿದ್ದಿದ್ರೆ ಶಟರ್ ತೆಗೆಸ್ತಿದ್ದೆ. ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದ್ದೆ. ಅವಳನ್ನ ಕೊಂದದ್ದು ಕಾಯಿಲೆ ಅಲ್ಲ, ನನ್ನ ಬಾಯಿ."

ಫ್ಯಾನಿನ ಗಾಳಿಗೆ ಗೋಡೆಯ ಚೀಟಿಗಳು ಪಟಪಟ ಅನ್ನುತ್ತಿದ್ದವು. ಚೀಟಿ ಮೇಡಂ ಕೈಯಲ್ಲಿ ಖಾಲಿ ಚೀಟಿ ಹಿಡಿದು, ಪಾಪ, ದಿಕ್ಕುತೋಚದೆ ಕೇಳಿದಳು: "ಇದನ್ನ... ಯಾವ ಕೋಣೆಗೆ ಹಾಕೋಣ? ದೌರ್ಬಲ್ಯನಾ, ಅಪಾಯನಾ?"

"ನಮ್ಮ ಹಣೆ ಮೇಲೆ ಅಂಟಿಸಮ್ಮ," ಎಂದಳು ಅಧ್ಯಕ್ಷೆ. ಕುರ್ಚಿಗೆ ಕುಸಿದು ಕೂತು ಕನ್ನಡಕ ತೆಗೆದಳು. "ನಿನ್ನೊಬ್ಬಳ ಬಾಯಿ ಅಲ್ಲ ಸೀಲಕ್ಕ. ಎರಡು ತಿಂಗಳು ಅವಳು ಬರಲಿಲ್ಲ. ಯಾಕೆ ಬರಲಿಲ್ಲ ಅಂತ ಇಷ್ಟು ಜನದಲ್ಲಿ ಒಬ್ಬಳಾದ್ರೂ ಹೋಗಿ ನೋಡಿದ್ಲಾ? ಲೆಕ್ಕ ಮಾತ್ರ ಹಾಕಿದ್ವಿ, ಒಂದು, ಎರಡು, ಮೂರು ಅಂತ."

ಯಾರೋ ಮೂಗು ಸೀಟಿದರು. ಸೀಲಕ್ಕ ಆಗಲೇ ಎದ್ದಿದ್ದಳು. ಚಪ್ಪಲಿ ಮೆಟ್ಟುತ್ತಾ, "ಪಟ್ಟಿಗೆ ಐದು ಗಂಟೆವರೆಗೂ ಟೈಮಿದೆ. ನಾನು ಬರೋವರೆಗೂ ಏನೂ ಬರೀಬೇಡಿ," ಎಂದಳು.

"ಮಳಿಗೆ ಹೋದ್ರೆ?" ಎಂದು ಹಿಂದಿನ ಸಾಲಿನಿಂದ ಒಂದು ದನಿ.

"ಹೋಗ್ಲಿ ಬಿಡು!" ಎಂದು ಅಧ್ಯಕ್ಷೆ ಗದರಿದಳು.

ಕೀಲಿ ಹುಡುಗಿಯ ಅಂಗಡಿ ಇರುವುದು ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ, ಹಿಂಬದಿಯಲ್ಲೇ ಅವಳ ವಾಸ. ಸೀಲಕ್ಕ ಅಲ್ಲಿಗೆ ತಲುಪಿದಾಗ ಮೂರೂವರೆ ಗಂಟೆ, ಬಿಸಿಲು ಸುಡುತ್ತಿತ್ತು. ಶಟರ್ ಕೆಳಗಿಳಿದಿತ್ತು. ಹೊರಗೆ ಬೀಗವಿರಲಿಲ್ಲ. ಅದೇ ಹೊತ್ತು, ಅದೇ ತಗಡು, ಅದೇ ಬಿಸಿಲು. ವಾಪಸು ಹೋಗಿಬಿಡಲೇ ಎಂದು ಒಂದು ಕ್ಷಣ ಅನ್ನಿಸಿದ್ದೂ ನಿಜ. ಇಷ್ಟಾದ ಮೇಲೂ ಅನ್ನಿಸಿತಲ್ಲ ಎಂದು ತನ್ನ ಮೇಲೆಯೇ ಹೇಸಿಗೆಯಾಯಿತು.

ಅಂಗೈಯಿಂದ ಶಟರ್ ಬಡಿದಳು. ಏನೂ ಇಲ್ಲ. ಮತ್ತೆ ಬಡಿದಳು. ಎದುರಿನ ಅಂಗಡಿಯವನು ತಲೆಯೆತ್ತಿ ನೋಡಿದ. ಒಳಗೆ ಏನೋ ಸರಿದ ಹಾಗೆ, ಯಾರೋ ನೆಲದ ಮೇಲೆ ಮೈ ಎಳೆದುಕೊಂಡ ಹಾಗೆ ಸದ್ದಾಯಿತು. ಆಮೇಲೆ ತಗಡಿನ ಆಚೆಯಿಂದ, ಕೆಳಗಿನಿಂದ, ಬಹಳ ಸಣ್ಣ ದನಿಯೊಂದು ಕೇಳಿತು.

"ಯಾರದು?"

ಸೀಲಕ್ಕ ಬಿಸಿಯಾದ ತಗಡಿಗೆ ಹಣೆ ಒತ್ತಿದಳು.

"ಯಾರದು? ಯಾರಾದ್ರೂ ಇದ್ದೀರಾ?"

"ನಾನು," ಎಂದಳು ಸೀಲಕ್ಕ. ದನಿ ಒಡೆದು ಗಲ್ಲಿಗೆಲ್ಲ ಕೇಳುವಂತೆ ಬಂತು. "ನಾನು ಕಣೇ, ಸೀಲಕ್ಕ. ಕಾಗದ ತಂದಿಲ್ಲ. ಏನೂ ತಂದಿಲ್ಲ, ಸುಮ್ನೆ ನಾನೇ ಬಂದಿದ್ದೀನಿ."

"ಅಕ್ಕಾ... ಮೊದಲೇ ಹುಷಾರಿರಲಿಲ್ಲ, ನಿನ್ನೆ ಬಿದ್ದು ಸೊಂಟ ಹಿಡ್ಕೊಂಡಿದೆ. ಏಳೋಕಾಗ್ತಿಲ್ಲ. ಚಿಲಕ ತೆಗೆಯೋಕೆ ತಡ ಆಗುತ್ತೆ. ಹೋಗ್ಬಿಡ್ತೀರಾ?"

"ಎಲ್ಲೂ ಹೋಗಲ್ಲ," ಎಂದಳು ಸೀಲಕ್ಕ. ಕಣ್ಣೀರು ಒರೆಸಿಕೊಳ್ಳದೆ ಎದುರಿನ ಅಂಗಡಿಯವನನ್ನು ಕೈಬೀಸಿ ಕರೆದಳು. "ಎಷ್ಟು ತಡ ಆದ್ರೂ ಇಲ್ಲೇ ಇರ್ತೀನಿ. ನೀನು ಮಾತಾಡ್ತಾ ಇರು."