ಟೀವಿ ದೆವ್ವಕ್ಕೆ ನಾನು ಕೊಟ್ಟ ಸಾಕ್ಷಿ

ಗ್ಯಾಸ್ ಸ್ಥಾವರದಲ್ಲಿ ಸಣ್ಣ ಅವಘಡವಾದರೂ ಕಂಡವರ ಹೇಳಿಕೆ ಬರೆದುಕೊಳ್ಳುವುದು ನನ್ನ ಕೆಲಸ. ‘ಕಣ್ಣಾರೆ ಕಂಡೆ ಸರ್’ ಎಂದವರನ್ನೇ ಮೊದಲು ಅನುಮಾನಿಸುತ್ತೇನೆ. ಮನುಷ್ಯನ ನೆನಪು ನಂಬಲು ಯೋಗ್ಯವಲ್ಲ ಎಂದು, ಕೊಲ್ಲಿ ನಾಡಿನ ಈ ಅಲ್ ಖೋರ್‌ನಿಂದ ಹೊರಡುವ ಕಂಪನಿ ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ, ಅವರು ಕೇಳದಿದ್ದರೂ ವಿವರಿಸಿದ್ದೇನೆ. ನನ್ನ ನೆನಪಿನ ಮಾತು ಬೇರೆ ಎಂದುಕೊಂಡಿದ್ದೆ.

ಮೂರನೇ ತರಗತಿಯ ಮಗಳು ಕಳೆದ ಬೇಸಿಗೆಯ ಶುರುವಿನಲ್ಲಿ ತನ್ನ ಕೋಣೆ ಬಿಟ್ಟು ನಮ್ಮ ಹಾಸಿಗೆಗೆ ಬಂದಳು. ಏಸಿ ಕೊಳವೆಯೊಳಗೆ ಒಬ್ಬ ಹೆಂಗಸು ಉಸಿರಾಡುತ್ತಾಳೆ ಎಂದು ಸ್ಕೂಲ್ ಬಸ್ಸಿನ ಗೆಳತಿ ಹೇಳಿದ್ದಳಂತೆ. ಗಾಳಿಯ ಒತ್ತಡ, ಫಿಲ್ಟರಿನ ಧೂಳು ಎಂದೆಲ್ಲ ನಾನು ಚಿತ್ರ ಬರೆದು ತೋರಿಸಿದೆ. ಅವಳು ಶ್ರದ್ಧೆಯಿಂದ ನೋಡಿ, ಕೊಳವೆಯೊಳಗೆ ಹೆಂಗಸನ್ನು ಬರೆದು ಸೇರಿಸಿದಳು.

ಆಗ ನೆನಪಾದದ್ದು ಟೀವಿಗೆಂದೇ ತೆಗೆದಿದ್ದ ಒಂದು ಹಳೆಯ ಪತ್ತೇದಾರಿ ದೆವ್ವದ ಸಿನಿಮಾ. ಚಿಕ್ಕವನಿದ್ದಾಗ ಗದಗಿನ ಮನೆಯಲ್ಲಿ ನೋಡಿದ್ದು. ಬಾವಿಕಟ್ಟೆಯ ಮೇಲೆ ಬಿಳಿ ಸೀರೆಯ ದೆವ್ವ. ಕೊನೆಗೆ ದೆವ್ವದ ವೇಷ ತೊಟ್ಟು ಟಾರ್ಚು ಹಿಡಿದ ಆ ಮನೆಯ ಚಿಕ್ಕಪ್ಪ ಸಿಕ್ಕಿಬೀಳುತ್ತಾನೆ, ವಿಗ್ಗು ಕಳಚುತ್ತದೆ, ಆಸ್ತಿಗಾಗಿ ಹೂಡಿದ ಸಂಚು ಬಯಲಾಗುತ್ತದೆ. ನಾನು ವಿಚಾರವಾದಿಯಾದದ್ದು ಆವತ್ತೇ ಎಂದು ಕಾಲೇಜಿನಲ್ಲಿ ಭಾಷಣವನ್ನೂ ಮಾಡಿದ್ದೇನೆ. ಸಿನಿಮಾ ಇಂಟರ್ನೆಟ್ಟಿನಲ್ಲಿ ಸಿಕ್ಕಿತು. ಶುಕ್ರವಾರ ಊಟವಾದ ಮೇಲೆ ಮೂವರೂ ನೋಡಲು ಕೂತೆವು.

“ಅಂಜಬ್ಯಾಡ, ಕಡೀಕ ಕಾಕಾ ಬರ್ತಾನ,” ಎಂದು ಮಗಳಿಗೆ ಮೊದಲೇ ಭರವಸೆ ಕೊಟ್ಟೆ.

ದೆವ್ವ ಬಂತು. ಮನೆಯವರನ್ನು ಒಬ್ಬೊಬ್ಬರನ್ನಾಗಿ ಬಾವಿಗೆ ಎಳೆಯಿತು. ಪತ್ತೇದಾರನನ್ನೂ ಎಳೆಯಿತು.

“ಯಾಕ್ರೀ, ನಿಮ್ಮ ಕಾಕಾ ಇನ್ನೂ ಬರವಲ್ಲ? ಟಾರ್ಚಿನ ಸೆಲ್ ಖಲಾಸ್ ಆಗ್ಯಾವೇನು?” ಎಂದಳು ಹೆಂಡತಿ.

“ಬರ್ತಾನ, ತಡಿ.”

ಬಂದದ್ದು ಕಲಾವಿದರ ಹೆಸರುಗಳು. ಚಿಕ್ಕಪ್ಪನೆಂಬ ಪಾತ್ರವೇ ಅದರಲ್ಲಿರಲಿಲ್ಲ. ಮಗಳು ದಿಂಬನ್ನು ಅಪ್ಪಿಕೊಂಡು ಕೂತಿದ್ದಳು.

ಯಾರೋ ಕೊನೆಯನ್ನು ಕತ್ತರಿಸಿದ್ದಾರೆ ಎಂದು ಸಾರಿ, ಸಾಕ್ಷಿಗಾಗಿ ಹುಬ್ಬಳ್ಳಿಯ ಅಕ್ಕನಿಗೆ ಫೋನು ಮಾಡಿದೆ.

“ಯಾವ ಕಾಕಾನೋ? ನಡುವ ಕರೆಂಟ್ ಹೋತಲ್ಲ. ನೀ ಅಂಜಿ ಅಳಾಕತ್ತಿದ್ದಿ ಅಂತ ಅಪ್ಪಾ ಏನೋ ಕತಿ ಮಾಡಿ ಹೇಳಿದ್ರು. ಅದನ್ನ ನೋಡೀನಿ ಅಂತೀಯಲ್ಲ!”

“ವಿಗ್ಗು ಬಿದ್ದಿದ್ದು ಖರೇನ ನೋಡೀನಿ ಅಕ್ಕಾ.”

“ಕತ್ತಲದಾಗ ಏನ ನೋಡಿದಿ? ಕಂದೀಲು ಸೈತ ಹಚ್ಚಿರಲಿಲ್ಲ.”

ಅಕ್ಕನ ನೆನಪೂ ನೆನಪೇ, ಅದನ್ನೂ ನಂಬುವಂತಿಲ್ಲ ಎಂದು ವಾದಿಸಲು ನನ್ನ ಇಡೀ ಶಾಸ್ತ್ರ ಸಿದ್ಧವಾಗಿತ್ತು. ಆದರೆ ಆ ಶಾಸ್ತ್ರದ ಅಡಿಪಾಯವೇ ಅಪ್ಪ ಕತ್ತಲಲ್ಲಿ ಹೆಣೆದ ಚಿಕ್ಕಪ್ಪ ಎಂದಾದ ಮೇಲೆ ಫೋನು ಇಟ್ಟುಬಿಟ್ಟೆ.

ಅಷ್ಟರಲ್ಲಿ ಮಗಳು ರಿಮೋಟು ಹಿಡಿದು ಸಿನಿಮಾವನ್ನು ಹಿಂದಕ್ಕೆ ಓಡಿಸಿದ್ದಳು. ದೆವ್ವ ಬಾವಿಕಟ್ಟೆ ಹತ್ತುವಲ್ಲಿ ನಿಲ್ಲಿಸಿ, ಎದ್ದುಹೋಗಿ ಪರದೆಗೆ ಬೆರಳಿಟ್ಟಳು.

“ಅಪ್ಪ, ಘೋಸ್ಟ್ ಹವಾಯಿ ಚಪ್ಪಲ್ ಹಾಕಿದೆ. ಬ್ಲೂ ಕಲರ್. ಸೋ ಫನ್ನಿ!”

ಹೌದು, ಹಾಕಿತ್ತು. ಕಟ್ಟೆ ಒದ್ದೆಯಿತ್ತು, ನಟಿ ಜಾರದಂತೆ ಎಚ್ಚರ ವಹಿಸಿದ್ದಳು. ಸುರಕ್ಷತಾ ವಿಭಾಗದವನಾಗಿ ನಾನು ಮೆಚ್ಚಬೇಕಿತ್ತು. ಮಗಳು ಅದೇ ದೃಶ್ಯವನ್ನು ಮತ್ತೆ ಮತ್ತೆ ಹಾಕಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳ ಅಮ್ಮನೂ ಸೇರಿದಳು. ನಾನು ಮಾತ್ರ, ಈ ಚಪ್ಪಲಿಗಳು ಆಗ ನನಗೆ ಕಂಡಿದ್ದವೋ ಇಲ್ಲವೋ ಎಂದು ನನ್ನ ಹೇಳಿಕೆಯನ್ನು ನಾನೇ ಬರೆದುಕೊಳ್ಳುತ್ತಿದ್ದೆ.

ಸಂಜೆ ಮಗಳು ನಮ್ಮ ಹಾಸಿಗೆಯಿಂದ ತನ್ನ ಹೊದಿಕೆ ಎತ್ತಿಕೊಂಡು ತನ್ನ ಕೋಣೆಗೆ ಹೊರಟಳು. ಬಾಗಿಲಲ್ಲಿ ತಿರುಗಿ, ಸಪ್ಪಗೆ ಕೂತಿದ್ದ ನನ್ನನ್ನು ಕನಿಕರದಿಂದ ನೋಡಿದಳು.

“ಅಪ್ಪ, ಸ್ಕೇರ್ ಆದ್ರೆ ಅಮ್ಮನ್ನ ಎಬ್ಬಿಸಿ.”