ಅವ್ವನಿಗೆ ಮಾಡಿದ ಫೋನು

ಅರಸೀಕೆರೆಯ ನಮ್ಮ ಬೀದಿಯಲ್ಲಿ ರವಿಕೆ ಹೊಲಿಯುತ್ತಿದ್ದವಳು ಅಳತೆ ತೆಗೆಯುವಾಗಲೂ ತನ್ನ ಗಂಟಲ ಮೇಲೆ ಎರಡು ಬೆರಳಿಟ್ಟು ಒಂದೇ ಮಾತು ಕೇಳುತ್ತಿದ್ದಳು: "ದನಿ ಈಗ ಹೆಂಗೈತಕ್ಕಾ?"

ಕಣಕಟ್ಟೆಯಲ್ಲಿ ಮಗನಾಗಿ ಬೆಳೆದು, ಹೆಣ್ಣಾಗಿ ಬದುಕಲು ಇಲ್ಲಿಗೆ ಬಂದವಳು. ಊರಿಗೆ ಫೋನು ಮಾಡಿದರೆ ಅವ್ವ, "ಈ ಗಂಡುದನಿ ಇಟ್ಕೊಂಡು ಮಗಳು ಅಂತೀಯೇನ್ಲಾ?" ಎಂದು ಇಟ್ಟುಬಿಡುತ್ತಿದ್ದಳು. ಆ ಬಾಯಲ್ಲಿ ಒಂದು ಸಲ 'ಮಗಳೇ' ಅನ್ನಿಸಿಕೊಳ್ಳಬೇಕೆಂಬುದೇ ಇವಳ ಹಂಬಲ.

ಎರಡು ವರ್ಷ ಫೋನಿನಲ್ಲೇ ದನಿ ತಿದ್ದುವ ಮೇಡಂ ಒಬ್ಬರ ಹತ್ತಿರ ಪಳಗಿದಳು. ಮಿಷನ್ ತುಳಿಯುತ್ತಾ ಗುನುಗುವಳು. ದನಿ ಚೆನ್ನಾಗೇ ತಿರುಗಿತ್ತು. ಆದರೆ ಅಳು ಬಂದಾಗ ಹಳೆಯದೇ ಹೊರಡುತ್ತಿತ್ತು.

"ಗಂಟಲಿಗೆ ಆಪರೇಷನ್ ಬ್ಯಾಡ ಕಣೇ, ಇರೋ ದನೀನೂ ಹೋದೀತು" ಎಂದೆ.

"ಅಳುವಾಗ್ಲೂ ಹೆಣ್ಣಾಗಿರ್ಬೇಕಕ್ಕಾ" ಎಂದು ಬೆಂಗಳೂರಿಗೆ ಹೋಗಿ ಮಾಡಿಸಿಕೊಂಡಳು.

ವಾರಗಟ್ಟಲೆ ಮಾತಾಡುವಂತಿರಲಿಲ್ಲ. ಗುರುತು ಹಾಕುವ ಸೀಮೆಸುಣ್ಣದಲ್ಲಿ ಬಟ್ಟೆಚೂರಿನ ಮೇಲೆ ಬರೆದು ತೋರಿಸುತ್ತಿದ್ದಳು. ಆಮೇಲೆ ಬಂದದ್ದು ತೆಳ್ಳನೆಯ ದನಿ; ಅತ್ತರೂ ಹಳೆಯದು ಬರುತ್ತಿರಲಿಲ್ಲ. ಕೂಗಲು ಆಗುತ್ತಿರಲಿಲ್ಲ, ಗುನುಗುವುದಂತೂ ನಿಂತೇ ಹೋಯಿತು.

ತನ್ನ ನಂಬರಾದರೆ ಅವ್ವ ಎತ್ತುವುದಿಲ್ಲವೇನೋ ಎಂದು ನನ್ನ ಫೋನಿನಿಂದ ಮಾಡಿ, ಸ್ಪೀಕರ್ ಹಾಕಿದಳು.

"ಅವ್ವಾ, ಊಟ ಆಯ್ತಾ?"

"ಆಯ್ತು ಮಗಳೇ. ಯಾರವ್ವಾ ನೀನು, ಯಾವೂರು?"

ಇವಳ ಎರಡು ಬೆರಳು ಗಂಟಲಿಗೆ ಹೋದವು. "ಅರಸೀಕೆರೆ."

"ನನ್ ಮಗ ಅಲ್ಲೇ ಅವ್ನೆ ಕಣವ್ವ. ಬೈದ್‌ಬುಟ್ಟಿದ್ದೆ. ಅವನ ದನಿ ಕೇಳಿ ಎಷ್ಟೋ ತಿಂಗಳಾಯ್ತು. ಕಂಡ್ರೆ, ಒಂದ್ಸಲ ಫೋನ್ ಮಾಡ್ಬೇಕಂತೆ ಅನ್ನು."

"ಹೇಳ್ತೀನವ್ವ."

ಫೋನು ನನ್ನ ಕೈಗಿಟ್ಟು ಮಿಷನ್ ಮುಂದೆ ಕೂತಳು. ದನಿ ಹೆಂಗೈತೆ ಅಂತ ಆಮೇಲೆ ಯಾವತ್ತೂ ಕೇಳಲಿಲ್ಲ.