ಬಳಿಯದೆ ಬಿಟ್ಟ ಜಾಗ

ನಮ್ಮತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ತಲೆಗೊಂದು ಹಳೇ ಟವೆಲ್ ಬಿಗಿದು ಅಟ್ಟದ ಏಣಿ ಹತ್ತಿದರೆಂದರೆ ದೀಪಾವಳಿ ಹತ್ತಿರ ಬಂತೆಂದು ನಮ್ಮ ಮನೆಯ ಬೆಕ್ಕಿಗೂ ತಿಳಿಯುತ್ತಿತ್ತು. ಅದು ಆ ಗಳಿಗೆಯಲ್ಲೇ ಎದ್ದು ಮೈ ಮುರಿದು ಪಕ್ಕದ ಮನೆಗೆ ಹೊರಟುಬಿಡುತ್ತಿತ್ತು. ವಾಪಸು ಬರುತ್ತಿದ್ದದ್ದು ಹಬ್ಬದ ಅಡುಗೆಯ ವಾಸನೆ ಹಿಡಿದ ಮೇಲೆಯೇ. ಸೊಸೆಯರಿಗೆ ಇಂಥ ಅನುಕೂಲವಿಲ್ಲ. ನಾನು ಆಲೂರಿನ ಪ್ರೈಮರಿ ಶಾಲೆಯಲ್ಲಿ ಟೀಚರು. ಶಾಲೆಯಲ್ಲಿ ಒಂದು ಇಡೀ ತರಗತಿಯನ್ನು ಕಣ್ಣಲ್ಲೇ ಕೂರಿಸುವವಳು, ಸಂಜೆ ಬಸ್ಸಿಳಿದು ಮನೆಗೆ ಬಂದರೆ ಕೈಗೆ ಕಾಫಿಯ ಲೋಟಕ್ಕಿಂತ ಮೊದಲು ಪೊರಕೆ ಬರುತ್ತಿತ್ತು. ಹಾಸನದ ಬಾಡಿಗೆ ಮನೆಯಲ್ಲಿ ಎರಡು ಕೋಣೆ ಗುಡಿಸಿ ಬೆಳೆದವಳಿಗೆ, ಆಲೂರಿಗೂ ಸಕಲೇಶಪುರಕ್ಕೂ ನಡುವಿನ ಈ ಹಳ್ಳಿಯ ಉದ್ದನೆಯ ಮನೆ ಮದುವೆಯಾದ ಹೊಸದರಲ್ಲಿ ರೈಲಿನ ಹಾಗೆ ಕಂಡಿತ್ತು. ಒಂದು ತುದಿ ಗುಡಿಸಿ ಇನ್ನೊಂದು ತುದಿ ಮುಟ್ಟುವಷ್ಟರಲ್ಲಿ ಹಿಂದಿನ ಡಬ್ಬಿಗೆ ಮತ್ತೆ ಧೂಳು ಹತ್ತಿಕೊಂಡಿರುತ್ತಿತ್ತು.

ಅತ್ತೆಯ ಲೆಕ್ಕದಲ್ಲಿ ಮಳೆಗಾಲವೆಂದರೆ ಮನೆಗೆ ಬಂದು ತಿಂಗಳುಗಟ್ಟಲೆ ಕೂತ ನೆಂಟ. ಹೋಗುವಾಗ ಗೋಡೆಗೆ ಬೂಷ್ಟು, ಕಂಬಳಿಗೆ ಮುಗ್ಗಲು ವಾಸನೆ, ಅಟ್ಟದ ಸಾಮಾನಿಗೆ ಹುಳ ಬಿಟ್ಟು ಹೋಗುತ್ತದೆ. ಅದೆಲ್ಲ ತೆಗೆದು ಹಾಕದೆ ದೀಪ ಹಚ್ಚಿದರೆ ದೀಪಕ್ಕೇ ಅವಮಾನ ಅನ್ನುತ್ತಿದ್ದರು. ಹಾಗಾಗಿ ಅಟ್ಟದಿಂದ ಮಸಿ ಹಿಡಿದ ಬಲೆಯ ಇಲ್ಲಣ ಉದುರುತ್ತಿತ್ತು, ಡ್ರಮ್ಮಿನಲ್ಲಿ ಸುಣ್ಣ ಕುದಿಯುತ್ತಿತ್ತು, ನಾವಿಬ್ಬರು ಸೊಸೆಯರು ಕೆಮ್ಮುತ್ತಿದ್ದೆವು.

ಕೆಮ್ಮುವ ನಡುವೆ ನಾನು ಟೀಚರಿನ ಚಾಳಿಯಿಂದ ಮಾತುಗಳನ್ನು ಎಣಿಸುತ್ತಿದ್ದೆ. ಕನ್ನಡದಲ್ಲಿ ಕೊಳೆ ತೆಗೆಯುವುದಕ್ಕೆ ಅದೆಷ್ಟು ಮಾತು. ಕಸ ಗುಡಿಸುತ್ತೇವೆ, ನೆಲ ಸಾರಿಸುತ್ತೇವೆ, ಕಂಬಳಿ ಕೊಡವುತ್ತೇವೆ. ಪಾತ್ರೆಯನ್ನೂ ಬೆಳಗುತ್ತೇವೆ, ದೀಪವನ್ನೂ ಬೆಳಗುತ್ತೇವೆ. ಹುಣಸೆಹಣ್ಣು ಹಚ್ಚಿ ಹಂಡೆ ತಿಕ್ಕುವವಳ ಕೆಲಸಕ್ಕೂ ದೇವರ ಮುಂದೆ ನಿಂತವಳ ಕೆಲಸಕ್ಕೂ ಒಂದೇ ಹೆಸರು ಇಟ್ಟ ಪುಣ್ಯಾತ್ಮ ಯಾರೋ, ಅವನಂತೂ ಹಂಡೆ ತಿಕ್ಕಿದವನಲ್ಲ. ಒರೆಸುವುದು ಅನ್ನುವ ಮಾತು ಮಾತ್ರ ನನಗೆ ಯಾವಾಗಲೂ ಸ್ವಲ್ಪ ಅನುಮಾನದ್ದು. ಬೋರ್ಡು ಒರೆಸಿದರೆ ಬರೆದದ್ದು ಹೋಗುತ್ತದೆ. ಕಣ್ಣು ಒರೆಸಿದರೆ ನೀರು ಹೋಗುತ್ತದೆ, ಅತ್ತದ್ದು ಹಾಗೇ ಇರುತ್ತದೆ.

ನಮ್ಮ ಮನೆಯಲ್ಲಿ ಒರೆಸಲು ಬಾರದ ಗುರುತೊಂದಿತ್ತು. ಅದನ್ನು ಮಾಡುತ್ತಿದ್ದವನು ನನ್ನ ಮೈದುನ ಲೋಕೇಶ. ತಲೆಗೆ ಕೊಬ್ಬರಿ ಎಣ್ಣೆಯನ್ನು ಅವನು ಹಚ್ಚುತ್ತಿರಲಿಲ್ಲ, ಹುಯ್ಯುತ್ತಿದ್ದ. ಗದ್ದೆಯಿಂದಲೋ ತೋಟದಿಂದಲೋ ಬಂದು ಸ್ನಾನ ಮಾಡಿ, ಜಗಲಿಯ ಬೆಂಚಿನಲ್ಲಿ ಕೂತು, ರೇಡಿಯೋ ಹಾಕಿಕೊಂಡು, ಗೋಡೆಗೆ ತಲೆ ಕೊಡುವುದು ಅವನ ದಿನಚರಿ. ಅವನ ತಲೆ ತಾಗುವಲ್ಲಿ ಗೋಡೆಯ ಮೇಲೆ ಕಂದು ಬಣ್ಣದ ಗುಂಡನೆಯ ಕಲೆ. ಪ್ರತಿ ದೀಪಾವಳಿಗೂ ಅತ್ತೆ ಅದನ್ನು ಬಯ್ಯುತ್ತ ಬಳಿಯುತ್ತಿದ್ದರು. ಅಮಾವಾಸ್ಯೆ ಕಳೆದು ಹುಣ್ಣಿಮೆ ಬರುವಷ್ಟರಲ್ಲಿ ಅದು ಮತ್ತೆ ಮೂಡಿರುತ್ತಿತ್ತು. ಅವನ ಹೆಂಡತಿ ಪದ್ಮ, ಆನೇಮಹಲಿನ ಕಡೆಯವಳು, ಮಾತು ಕಡಿಮೆ. "ಒಂದು ಟವೆಲಾದ್ರೂ ಹಾಕ್ಕಳಿ ತಲೆ ಹಿಂದೆ" ಎಂದು ಅವಳು ಹೇಳುವುದು, "ಗೋಡೆ ಇರೋದು ಒರಗಕ್ಕೆ ಕಣೇ" ಎಂದು ಅವನು ನಗುವುದು ದಿನಾ ಕೇಳುತ್ತಿತ್ತು. ಮದುವೆಯಾಗಿ ಹೆಚ್ಚು ವರ್ಷ ಆಗಿರಲಿಲ್ಲ. ಮಕ್ಕಳಿರಲಿಲ್ಲ.

ಒಂದು ಜನವರಿಯ ಬೆಳಿಗ್ಗೆ ಲೋಕೇಶ ಕೊಯ್ದು ಹಾಕಿದ ಬತ್ತ ನೋಡಿಬರುತ್ತೇನೆಂದು ಗದ್ದೆಗೆ ಹೋದ. ಆನೆಗಳು ಈ ಕಡೆ ಇವೆಯೆಂದು ಊರಿಗೆಲ್ಲ ಗೊತ್ತಿತ್ತು. ಆದರೆ ಆನೆ ಇದೆಯೆಂದು ಗದ್ದೆಗೆ ಹೋಗದಿದ್ದರೆ ನಮ್ಮ ಕಡೆ ಯಾರೂ ಊಟ ಮಾಡುವ ಹಾಗಿಲ್ಲ. ಮಂಜು ದಟ್ಟವಾಗಿತ್ತು. ಅವನು ಆನೆಯನ್ನು ನೋಡಿದನೋ ಇಲ್ಲವೋ ನಮಗೆ ಯಾರಿಗೂ ತಿಳಿಯಲಿಲ್ಲ. ಬಿಸಿಲು ಬಂದ ಮೇಲೆ ಕೆಲಸಕ್ಕೆ ಹೋದ ಹೆಂಗಸರು ನೋಡಿ ಕೂಗಿಕೊಂಡು ಓಡಿಬಂದರು. ಜೀಪು ಬಂತು, ಜನ ಬಂದರು, ಆಲೂರಿನ ಆಸ್ಪತ್ರೆಗೆ ಒಯ್ದು ಮಧ್ಯಾಹ್ನದ ಮೇಲೆ ಬಟ್ಟೆಯಲ್ಲಿ ಸುತ್ತಿ ತಂದರು. ಪದ್ಮನಿಗೆ ಮುಖ ಮಾತ್ರ ತೋರಿಸಿದರು.

ಮನೆ ಶುದ್ಧ ಮಾಡುವ ವಿಷಯ ಬರೆಯಲು ಕೂತವಳು ಇದನ್ನು ಬರೆಯದೆ ಮುಂದೆ ಹೋಗಲಾರೆ. ಗಂಡಸರು ಅವನನ್ನು ಹೊತ್ತುಕೊಂಡು ತೋಟದ ಅಂಚಿಗೆ ಹೋದರು. ಅವರು ಗೇಟು ದಾಟುತ್ತಿದ್ದ ಹಾಗೆ ಅಕ್ಕಪಕ್ಕದ ಹೆಂಗಸರು ಬಿಂದಿಗೆ ಹಿಡಿದು ಒಳಗೆ ಬಂದರು. ಒಬ್ಬಳು ನೀರು ಹುಯ್ದಳು, ಒಬ್ಬಳು ಪೊರಕೆ ಎಳೆದಳು, ಇನ್ನೊಬ್ಬಳು ಮಲಗಿಸಿದ್ದ ಚಾಪೆ ಸುತ್ತಿ ಆಚೆ ಎಸೆದಳು. ಅತ್ತೆ ಹದಿನೈದು ದಿನ ಮಾಡಿಸುತ್ತಿದ್ದ ಕೆಲಸ ಒಂದು ಗಳಿಗೆಯಲ್ಲಿ ಮುಗಿದುಹೋಯಿತು. ಆ ಮನೆ ಅಷ್ಟು ಬೇಗ, ಅಷ್ಟು ಚೊಕ್ಕವಾಗಿ ಎಂದೂ ತೊಳೆದುಕೊಂಡಿರಲಿಲ್ಲ. ಅತ್ತೆ ಒಂದು ಮೂಲೆಯಲ್ಲಿ ಕಾಲು ಚಾಚಿ ಕೂತಿದ್ದರು. ನೀರು ಅವರ ಸೀರೆಯ ಅಂಚು ನೆನೆಸಿಕೊಂಡು ಹರಿಯಿತು. ಅವರು ಕಾಲು ಎತ್ತಲಿಲ್ಲ.

ಆ ವರ್ಷ ಹಬ್ಬ ಇಲ್ಲ. ಸಾವಾದ ಮನೆಯಲ್ಲಿ ವರ್ಷ ತುಂಬುವ ತನಕ ಹಬ್ಬ ಮಾಡುವುದಿಲ್ಲ. ಯುಗಾದಿ ಹೋಯಿತು, ಗೌರಿ ಹೋದಳು. ದೀಪಾವಳಿ ಹತ್ತಿರ ಬಂದಾಗ ಅಟ್ಟದ ಏಣಿಯನ್ನು ಯಾರೂ ಮುಟ್ಟಲಿಲ್ಲ. ಸಂಜೆ ನಾನು ಶಾಲೆಯಿಂದ ಬಂದರೆ ಯಾರೂ ಕೈಗೆ ಪೊರಕೆ ಕೊಡುತ್ತಿರಲಿಲ್ಲ. ಇಷ್ಟು ವರ್ಷ ಬೇಡವೆಂದು ಗೊಣಗಿದವಳಿಗೆ ಆಗ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಜಂತಿಯಿಂದ ಇಲ್ಲಣ ಜೋತುಬಿದ್ದು ಗಾಳಿಗೆ ಆಡುತ್ತಿತ್ತು. ಬೆಕ್ಕು ಆ ವರ್ಷ ಎಲ್ಲೂ ಹೋಗಲಿಲ್ಲ.

ಪದ್ಮನ ಅಣ್ಣ ಎರಡು ಮೂರು ಸಲ ಕರೆದುಕೊಂಡು ಹೋಗಲು ಬಂದ. "ಆಮೇಲೆ ಬರ್ತೀನಿ ಕಣಣ್ಣ" ಎಂದು ಅವಳು ಕಾಫಿ ಕೊಟ್ಟು ಕಳಿಸಿದಳು. ಅತ್ತೆ ಅವಳ ಮುಂದೆ ಅಳುವುದನ್ನು ಬಿಟ್ಟಿದ್ದರು. ಅವಳು ಅತ್ತೆಯ ಮುಂದೆ ಅಳುವುದನ್ನು ಬಿಟ್ಟಿದ್ದಳು. ಇಬ್ಬರೂ ನನ್ನ ಹತ್ತಿರ ಬಂದು ಅಳುತ್ತಿದ್ದರು, ಬೇರೆ ಬೇರೆ ಹೊತ್ತಿನಲ್ಲಿ.

ವರ್ಷದ ತಿಥಿ ಆಯಿತು. ಮರುವರ್ಷ ದೀಪಾವಳಿಗೆ ಹಬ್ಬ ಮಾಡಬಹುದು ಎಂದಾಯಿತು. ಅತ್ತೆ ಯಾರಿಗೂ ಹೇಳದೆ ಡ್ರಮ್ಮಿಗೆ ಸುಣ್ಣದ ಕಲ್ಲು ಹಾಕಿದರು. ಈಗ ಅವರಿಗೆ ಏಣಿ ಹತ್ತಲು ಆಗುತ್ತಿರಲಿಲ್ಲ. ನಮ್ಮ ಯಜಮಾನರೇ ಬ್ರಷ್ಷು ಹಿಡಿದರು. ಒಳಗಿನ ಗೋಡೆಗಳೆಲ್ಲ ಮುಗಿಸಿ ಜಗಲಿಗೆ ಬಂದರು. ಬೆಂಚನ್ನು ಪಕ್ಕಕ್ಕೆ ಎಳೆದು, ಬ್ರಷ್ಷು ಅದ್ದಿ, ಆ ಕಲೆಯ ಮುಂದೆ ನಿಂತುಕೊಂಡರು. ಹಿಂತಿರುಗಿ ತಾಯಿಯ ಮುಖ ನೋಡಿದರು. ಅತ್ತೆ ಎದ್ದು ಒಳಗೆ ಹೋದರು. ಇವರು ಅದನ್ನು ಬಿಟ್ಟು ಸುತ್ತ ಬಳಿದರು.

ಬಳಿಯದ ಗೋಡೆಯಲ್ಲಿ ಆ ಕಲೆ ಇನ್ನೊಂದು ಕೊಳೆಯಾಗಿ ಇತ್ತು, ಅಷ್ಟೆ. ಈಗ ಸುತ್ತ ಬೆಳ್ಳಗೆ ಸುಣ್ಣ ಹತ್ತಿ, ನಡುವೆ ಅದೊಂದೇ ಉಳಿದು, ದೇವರ ಪಟ ತೂಗುಹಾಕಿದ ಹಾಗೆ ಕಾಣತೊಡಗಿತು. ಯಜಮಾನರು ತಾಯಿಗೆ ನೋವಾಗಬಾರದೆಂದು ಬಿಟ್ಟಿದ್ದರು. ತಾಯಿ ಪದ್ಮನಿಗೆ ನೋವಾಗಬಾರದೆಂದು ಸುಮ್ಮನಿದ್ದರು. ನಾನು ಇಬ್ಬರಿಗೂ ನೋವಾಗಬಾರದೆಂದು ಆ ಕಡೆ ನೋಡದೆ ಓಡಾಡುತ್ತಿದ್ದೆ. ಪದ್ಮನನ್ನು ಕೇಳಬೇಕೆಂದು ಮಾತ್ರ ಯಾರಿಗೂ ಹೊಳೆಯಲಿಲ್ಲ.

ಹಬ್ಬದ ಸಮಯ, ಜನ ಬರುತ್ತಾರೆ. ಹೂವು ಕೊಡಲು ಬಂದವರು, ಬಾಳೆಲೆ ಕೇಳಲು ಬಂದವರು, ಸುಮ್ಮನೆ ಬಂದವರು. ಬಂದವರು ಬೆಂಚಿನ ಮೇಲೆ ಕೂರಲು ಹೋಗಿ, ತಿರುಗಿ ಗೋಡೆ ನೋಡಿ, ಕೂರದೆ ಕೆಳಗೆ ನೆಲದ ಮೇಲೆ ಕೂರುತ್ತಿದ್ದರು. "ಹಂಗೇ ಐತಲ್ಲವ್ವ" ಎಂದು ನಿಟ್ಟುಸಿರು ಬಿಟ್ಟು, ಕಾಫಿ ತಂದ ಪದ್ಮನನ್ನು ತಲೆಯಿಂದ ಕಾಲಿನ ತನಕ ನೋಡುತ್ತಿದ್ದರು. ಅವಳು ಲೋಟ ಕೊಟ್ಟು ಒಳಗೆ ಬರುತ್ತಿದ್ದಳು.

ನೀರು ತುಂಬುವ ಹಬ್ಬದ ದಿನ ಮಧ್ಯಾಹ್ನ ನಾನು ಹಿತ್ತಲಲ್ಲಿ ಹಂಡೆ ತಿಕ್ಕುತ್ತಿದ್ದೆ. ಜಗಲಿಯ ಕಡೆಯಿಂದ ಅತ್ತೆಯ ದನಿ ಕೇಳಿತು. ಕೈ ತೊಳೆಯದೆ ಹೋಗಿ ನೋಡಿದರೆ, ಪದ್ಮ ಬೆಂಚಿನ ಮೇಲೆ ಮಂಡಿಯೂರಿ ನಿಂತು ಆ ಕಲೆಯ ಮೇಲೆ ಸುಣ್ಣದ ಬ್ರಷ್ಷು ಎಳೆಯುತ್ತಿದ್ದಳು. ಅತ್ತೆ ಬಾಗಿಲು ಹಿಡಿದು ನಿಂತಿದ್ದರು.

"ಏನ್ ಮಾಡ್ತಿದೀಯ ಪದ್ಮ?"

"ಸುಣ್ಣ ಹೊಡೀತಿದೀನಿ ಅತ್ತೆ."

"ಅದೊಂದು ಇರ್ಲಿ ಅಂತ ಬುಟ್ಟಿದ್ವಲ್ಲವ್ವ. ನಿನಗೋಸ್ಕರ."

"ನನಗೆ ಬೇಕಾ ಅಂತ ಯಾರೂ ಕೇಳ್ಲಿಲ್ಲ."

ಅವಳು ಜೋರಾಗಿ ಹೇಳಲಿಲ್ಲ. ಬ್ರಷ್ಷು ನಿಲ್ಲಿಸಲೂ ಇಲ್ಲ.

"ಒರೆಸ್ಬುಟ್ಟು ಹೋಗಣ ಅಂತಾನಾ? ನಿಮ್ಮಣ್ಣ ಬರ್ತಾನಾ?"

"ಹೋಗೋಳು ಯಾಕತ್ತೆ ಸುಣ್ಣ ಹೊಡೀತಾಳೆ? ಇರೋಳು ಹೊಡೀತಾಳೆ." ಅವಳು ಈಗ ತಿರುಗಿ ನೋಡಿದಳು. "ಬಂದೋರೆಲ್ಲ ಮೊದ್ಲು ಗೋಡೆ ನೋಡ್ತಾರೆ, ಆಮೇಲೆ ನನ್ನ ನೋಡ್ತಾರೆ. ಎರಡೂ ಒಂದೇ ಅನ್ನಂಗೆ ನೋಡ್ತಾರೆ. ಅವ್ರು ತಲೆ ಇಟ್ಟ ಜಾಗ ಅದು, ನಂಗೆ ಗೊತ್ತಿಲ್ವಾ ಅತ್ತೆ? ದಿನಾ ಬೆಳಿಗ್ಗೆ ಅದರ ಮುಂದೆ ಕಸ ಗುಡಿಸೋಳು ನಾನು. ನಂಗೆ ಆಗ್ತಾ ಇಲ್ಲ."

ಅತ್ತೆ ಬಾಗಿಲಲ್ಲೇ ಕುಸಿದು ಕೂತು ಸೆರಗು ಬಾಯಿಗೆ ಒತ್ತಿಕೊಂಡರು. ಅವಳ ಮುಂದೆ ಅವರು ಅತ್ತದ್ದು ಎಷ್ಟೋ ದಿನದ ಮೇಲೆ. ಪದ್ಮನೂ ಅಳುತ್ತಿದ್ದಳು, ಬಳಿಯುತ್ತಲೂ ಇದ್ದಳು. ಆದರೆ ಆ ಕಲೆ ಮುಚ್ಚುತ್ತಿರಲಿಲ್ಲ. ಸುಣ್ಣ ಹಚ್ಚಿದಲ್ಲೇ ಜಾರಿ, ಕೆಳಗಿನ ಕಂದು ಬಣ್ಣ ಮತ್ತೆ ಮೇಲೆ ಬರುತ್ತಿತ್ತು. ಅವಳು ಅದ್ದಿ ಅದ್ದಿ ಬಳಿದಳು. ತೋಳಿನ ತನಕ ಸುಣ್ಣ ಇಳಿಯಿತು. ನಾನು ಹುಣಸೆಹಣ್ಣಿನ ಕೈಯಲ್ಲಿ ಇಬ್ಬರ ನಡುವೆ ನಿಂತೇ ಇದ್ದೆ.

ಸ್ವಲ್ಪ ಹೊತ್ತಾದ ಮೇಲೆ ಅತ್ತೆ ಮೂಗು ಒರೆಸಿಕೊಂಡು ಹೇಳಿದರು: "ಎಣ್ಣೆ ಮೇಲೆ ಸುಣ್ಣ ನಿಲ್ಲಲ್ಲ ಕಣವ್ವ. ಮೊದ್ಲು ಸೀಗೆಪುಡಿ ಹಾಕಿ ಉಜ್ಬೇಕು. ಬಿಸಿನೀರಲ್ಲಿ."

ಪದ್ಮ ಬ್ರಷ್ಷು ಇಳಿಸಿದಳು. ಅತ್ತೆ ಗೋಡೆ ಹಿಡಿದುಕೊಂಡು ಎದ್ದು ಬಚ್ಚಲಿಗೆ ಹೋಗಿ, ಸೀಗೆಪುಡಿ, ಬಿಸಿನೀರು, ತೆಂಗಿನ ನಾರು ತಂದರು. "ಸರ್ಕ" ಎಂದು ಅವಳನ್ನು ಪಕ್ಕಕ್ಕೆ ಸರಿಸಿ ತಾವೇ ಉಜ್ಜತೊಡಗಿದರು. ಮಗ ಚಿಕ್ಕವನಿದ್ದಾಗ ಎಣ್ಣೆಸ್ನಾನಕ್ಕೆ ಅವನ ತಲೆ ಹೀಗೇ ಉಜ್ಜಿರಬೇಕು. ಕಂದು ನೊರೆ ಇಳಿಯಿತು. ಅವರು ತಮ್ಮ ಸೆರಗಿನಿಂದಲೇ ಅದನ್ನು ಹೀರಿಸಿ, "ಈಗ ಹೊಡಿ" ಎಂದು ಒಳಗೆ ಹೋದರು.

ಹಬ್ಬ ಆಯಿತು. ಚೆನ್ನಾಗಿ ಆಯಿತೆಂದು ಹೇಳಲಾರೆ. ಎಡೆ ಇಟ್ಟೆವು, ಉಂಡೆವು. ಅತ್ತೆ ಹಲವು ದಿನ ಜಗಲಿಗೆ ಬರದೆ ಹಿತ್ತಲ ಬಾಗಿಲಿಂದಲೇ ಓಡಾಡಿದರು. ಗೋಡೆ ಒಣಗಿ ಎಲ್ಲ ಗೋಡೆಯ ಹಾಗಾಯಿತು. ಜನ ಬೆಂಚಿನ ಮೇಲೆ ಕೂರತೊಡಗಿದರು. ನನಗಂತೂ ಆ ಬಿಳಿ ನೋಡಿದರೆ ಎದೆ ಭಾರವಾಗುತ್ತಿತ್ತು, ಪದ್ಮನನ್ನು ನೋಡಿದರೆ ಹಗುರವಾಗುತ್ತಿತ್ತು. ಎರಡೂ ಒಂದೇ ಮನೆಯಲ್ಲಿ ಇದ್ದವು. ಅವಳು ಹೊಲಿಗೆ ಮಿಷನ್ ಜಗಲಿಗೆ ತಂದು ಹಾಕಿಕೊಂಡು ಊರಿನ ರವಿಕೆ ಹೊಲಿಯತೊಡಗಿದಳು.

ಬೇಸಿಗೆ ಬಂತು. ಯುಗಾದಿ ಮುಗಿದು, ಶಾಲೆಗೆ ರಜೆ ಕೊಟ್ಟು, ನಾನು ನೆಮ್ಮದಿಯಾಗಿ ಬೆಳಗಿನ ಕಾಫಿ ಕುಡಿಯುತ್ತ ಕೂತಿದ್ದೆ. ಅತ್ತೆ ತಲೆಗೆ ಟವೆಲ್ ಬಿಗಿದು ಬಂದರು. ಸೊಂಟ ಬಗ್ಗದವರು ಅಂದು ಬಗ್ಗಿ ಬಾಗಿಲ ಸಂದಿ ಕೆರೆಯುತ್ತಿದ್ದರು.

"ಇದ್ಯಾವ ಹಬ್ಬ ಅತ್ತೆ?" ಎಂದೆ.

"ಭಾನುವಾರ ಸಕಲೇಶಪುರದೋರು ಬರ್ತಾರೆ. ಪದ್ಮನ್ನ ನೋಡಕ್ಕೆ." ಅವರು ತಲೆ ಎತ್ತಲಿಲ್ಲ. "ಹುಡುಗನ ಹೆಂಡ್ತಿ ತೀರ್ಕಂಡು ಮೂರು ವರ್ಷ ಆಗೈತಂತೆ. ಲಾರಿ ರಿಪೇರಿ ಕೆಲಸ. ಕುಡಿಯಲ್ವಂತೆ."

"ಪದ್ಮ ಏನಂದ್ಲು?"

"ಕೇಳ್ದೆ. ಬರ್ಲಿ, ನೋಡಣ ಅಂದ್ಲು."

ಆನೇಮಹಲಿಗೆ ಬಸ್ಸಿನಲ್ಲಿ ಹೋಗಿ ಅವಳ ಅಣ್ಣನ ಹತ್ತಿರ ಈ ಮಾತು ತೆಗೆದವರು ಅತ್ತೆಯೇ ಎಂದು ನನಗೆ ಆಮೇಲೆ ತಿಳಿಯಿತು. ಭಾನುವಾರದ ತನಕ ಪದ್ಮನ ಕೈಗೆ ಅವರು ಪೊರಕೆ ಕೊಡಲಿಲ್ಲ. ನನಗೂ ಹೆಚ್ಚು ಕೆಲಸ ಹಚ್ಚಲಿಲ್ಲ. ಕಿಟಕಿಯ ಸರಳು, ದೇವರ ಮನೆಯ ಮಣೆ, ಅಡುಗೆಮನೆಯ ಹೊಗೆ ಹಿಡಿದ ಮೂಲೆ, ಎಲ್ಲವನ್ನೂ ನಿಧಾನಕ್ಕೆ, ನಡುನಡುವೆ ಕೂತು ಸುಧಾರಿಸಿಕೊಂಡು, ತಾವೇ ಮಾಡಿದರು.

ಭಾನುವಾರ ಸಕಲೇಶಪುರದವರು ಬಂದರು. ಹುಡುಗ ಅನ್ನುವ ವಯಸ್ಸಿನವನಲ್ಲ, ಮೆತ್ತಗಿನ ಮನುಷ್ಯ, ಉಗುರಿನ ಸಂದಿಯಲ್ಲಿ ಗ್ರೀಸು. ಜೊತೆಗೆ ಅವನ ತಾಯಿ. ಆಕೆ ಬೆಂಚಿನ ಮೇಲೆ ಕೂತು ಸುತ್ತ ಒಮ್ಮೆ ಕಣ್ಣಾಡಿಸಿ, "ಮನೆ ಬಾಳ ಚೊಕ್ಕವಾಗಿ ಇಟ್ಕಂಡಿದೀರಿ" ಎಂದರು.

ನಾನು ಕಂಡಂತೆ ಮನೆ ಚೊಕ್ಕವಾಗಿದೆಯೆಂಬ ಹೊಗಳಿಕೆಯನ್ನು ನಮ್ಮತ್ತೆ ಎಂದೂ ಯಾರೊಂದಿಗೂ ಹಂಚಿಕೊಂಡವರಲ್ಲ. ಅಂದು ಹೇಳಿದರು: "ನಾನೇನೂ ಮಾಡಲ್ಲ ಕಣವ್ವ. ಎಲ್ಲ ನಮ್ಮ ಪದ್ಮಂದೇ."

ಮದುವೆ ಆಷಾಢಕ್ಕೆ ಮೊದಲು ದೇವಸ್ಥಾನವೊಂದರಲ್ಲಿ ಸರಳವಾಗಿ ಆಯಿತು. ಊರಿನಲ್ಲಿ ನಾಲ್ಕು ಮಾತು ಬಂದವು, ಹೋದವು. ಆದರೆ ನನಗೆ ನೆನಪಿರುವುದು ಆ ಭಾನುವಾರದ ಸಂಜೆ. ಬಂದವರು ಹೋದ ಮೇಲೆ ಅತ್ತೆ ಚಾಪೆಯ ಮೇಲೆ ಬೋರಲು ಮಲಗಿದರು. ನಾನು ಅವರ ಬೆನ್ನಿಗೆ ಮುಲಾಮು ತಿಕ್ಕುತ್ತಿದ್ದೆ.

"ಒಪ್ಕಂಡಂಗೆ ಐತಲ್ವಾ?" ಎಂದರು.

"ಹೂಂ ಅತ್ತೆ. ಪದ್ಮನೂ ಒಪ್ಪಿದಾಳೆ."

ಅವರಿಗೆ ನಿದ್ದೆ ಹತ್ತಿತೆಂದು ನಾನು ಕೈ ತೆಗೆಯುವಷ್ಟರಲ್ಲಿ, ಚಾಪೆಗೆ ಮುಖ ಒತ್ತಿಕೊಂಡೇ ಹೇಳಿದರು: "ಹಂಗಾದ್ರೆ ದೀಪಾವಳಿಗೆ ತವರಿಗೆ ಅಂತ ಇಲ್ಲಿಗೇ ಬರ್ತಾಳೆ. ಮಗಳು ಬರೋ ಮನೆ ಇದು ಇನ್ನು. ಹಿಂಗಿದ್ರೆ ಆಗಲ್ಲ, ಇನ್ನೂ ಚೆನ್ನಾಗಿ ತೊಳೀಬೇಕು."

ಆಗಲಿ ಅಂದೆ. ನೋವು ಇದ್ದದ್ದು ಅವರ ಬೆನ್ನಿಗೆ, ಆದರೆ ಸೊಂಟ ಹಿಡಿದುಕೊಂಡು ಮೇಲೇಳುವ ಹಾಗಾದದ್ದು ನನಗೆ.